ನಮ್ಮ ಡ್ರಮ್ಮಿನ ನೀರಿನಲ್ಲಿರುವ ಸೊಳ್ಳೆ ಯಾವುದು? ದಾವಣಗೆರೆಯಲ್ಲಿ ವಾರವಾರವೂ ಮೊಟ್ಟೆ ಎಣಿಸುವ ಪ್ರಸ್ತಾಪ

ನಿಟುವಳ್ಳಿಯ ಪ್ರಾಣಿಶಾಸ್ತ್ರ ಉಪನ್ಯಾಸಕಿ | ಜೂನ್ 8

ಎಲ್ಲರಿಗೂ ನಮಸ್ಕಾರ. ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಐದು ಮನೆಗಳಲ್ಲಿ ಒಂದರ ಹಿಂದೊಂದರಂತೆ ಡೆಂಗೀ ಕಾಣಿಸಿಕೊಂಡಿತು. ಐದನೆಯ ಮನೆಯವರು ಜ್ವರದಿಂದ ಹಾಸಿಗೆ ಹಿಡಿದ ಮೇಲೆ ಫಾಗಿಂಗ್ ಯಂತ್ರ ಬಂದು ಸಂಜೆ ಆರೂವರೆಗೆ ಬೀದಿಯ ತುಂಬ ಹೊಗೆ ಬಿಟ್ಟು ಹೋಯಿತು. ಹೊಗೆ ಕರಗಿದ ಮೇಲೆ ನಾನು ಹಿತ್ತಲಿಗೆ ಹೋಗಿ, ಬಳಸದೆ ಬಿಟ್ಟಿದ್ದ ಒರಳುಕಲ್ಲಿನ ಗುಂಡಿಯಲ್ಲಿ ನಿಂತಿದ್ದ ಮಳೆನೀರನ್ನು ಬಿಳಿ ಬಟ್ಟಲಿಗೆ ಮೊಗೆದು ನೋಡಿದೆ. ಮರಿಹುಳುಗಳು ನೀರಿನ ಮೇಲ್ಮೈಗೆ ಬಾಲ ತಾಗಿಸಿಕೊಂಡು ತಲೆಕೆಳಗಾಗಿ ತೂಗಾಡುತ್ತಿದ್ದವು. ನನ್ನ ಕೈಯ ನೆರಳು ಬಿದ್ದ ಕೂಡಲೇ ಬಳುಕುತ್ತ ತಳಕ್ಕೆ ಇಳಿದವು. ಹೊಗೆಯಿಂದ ಅವುಗಳಿಗೆ ಏನೂ ಆಗಿರಲಿಲ್ಲ. ಆಗುವುದೂ ಇಲ್ಲ, ಏಕೆಂದರೆ ಹೊಗೆ ತಾಗುವುದು ಆ ಹೊತ್ತಿನಲ್ಲಿ ಹಾರುತ್ತಿರುವ ಸೊಳ್ಳೆಗೆ ಮಾತ್ರ. ಡೆಂಗೀ ಹರಡುವ ಈಡಿಸ್ ಸೊಳ್ಳೆಯಾದರೋ ಹಗಲಿನಲ್ಲಿ ಕಚ್ಚಿ, ಉಳಿದ ಹೊತ್ತು ಮಂಚದ ಕೆಳಗೆ, ಗೂಟಕ್ಕೆ ತೂಗುಹಾಕಿದ ಬಟ್ಟೆಗಳ ಮರೆಯಲ್ಲಿ ಕುಳಿತಿರುತ್ತದೆ.

ನಾನು ಹೇಳಬೇಕೆಂದಿರುವುದು ಫಾಗಿಂಗ್ ಬೇಡವೆಂದಲ್ಲ. ಯಾವ ನೀರಿನಲ್ಲಿ ಯಾವ ಜಾತಿಯ ಸೊಳ್ಳೆ ಹುಟ್ಟುತ್ತಿದೆ ಎಂಬುದನ್ನು ವರ್ಷವಿಡೀ ಒಂದೇ ಕ್ರಮದಲ್ಲಿ ಬರೆದಿಡದ ಊರಿಗೆ, ನಾಳೆ ಹೊಸ ಜಾತಿಯೊಂದು ಬಂದು ಸೇರಿಕೊಂಡರೂ ಅದು ಗೊತ್ತಾಗುವುದು ಆಸ್ಪತ್ರೆಯ ಹಾಸಿಗೆಗಳು ತುಂಬಿದ ಮೇಲೆಯೇ. ನಮ್ಮಲ್ಲಿ ಜ್ವರದ ಲೆಕ್ಕವಿದೆ, ಸೊಳ್ಳೆಯ ಲೆಕ್ಕವೂ ಬೇಕು ಎಂಬುದು ನನ್ನ ಮಾತು.

ಹೊರಗಿನಿಂದ ಬಂದ ಸೊಳ್ಳೆ ಎಂದರೆ ಮುಂದೆಂದೋ ಬರಬಹುದಾದದ್ದು ಎಂದು ಭಾವಿಸಬೇಡಿ. ನಮ್ಮ ಡ್ರಮ್ಮು, ಹೂಕುಂಡ, ಕೂಲರ್‌ಗಳಲ್ಲಿ ಹುಟ್ಟುವ ಈಡಿಸ್ ಈಜಿಪ್ಟೈ ಮೂಲತಃ ಆಫ್ರಿಕಾದ್ದು. ಕಾಡಿನ ಮರದ ಪೊಟರೆಗಳಲ್ಲಿ ಮೊಟ್ಟೆಯಿಡುತ್ತಿದ್ದ ಆ ಸೊಳ್ಳೆ, ಮನುಷ್ಯರು ನೀರು ತುಂಬಿಟ್ಟುಕೊಳ್ಳುವ ಪಾತ್ರೆಗಳಿಗೆ ಒಗ್ಗಿಕೊಂಡು ಹಾಯಿಹಡಗುಗಳ ನೀರಿನ ಪೀಪಾಯಿಗಳ ಜೊತೆಗೆ ಲೋಕವೆಲ್ಲ ಹರಡಿತು. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ನಮ್ಮ ಭಾಗದ ಹಳ್ಳಿಹಳ್ಳಿಗಳಲ್ಲಿ ಜನ ಗೋಡೆ ಹಿಡಿದು ನಡೆಯುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ವರ್ಷ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ 7.5 ಲಕ್ಷದಷ್ಟು ಕರ್ನಾಟಕವೊಂದರಲ್ಲೇ ಇದ್ದವು. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಮುಖ್ಯವಾಗಿ ಇದೇ ಸೊಳ್ಳೆ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಒಂದಿದೆ. ನಮ್ಮ ನಾಡಿನ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿಯನ್ನು ಲಿಸ್ಟನ್ ಎಂಬ ವಿಜ್ಞಾನಿ 1901ರಲ್ಲಿ ವರ್ಣಿಸಿದರು. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬವರು ಮೊಟ್ಟೆಯ ತೇಲುಭಾಗದ ಗೆರೆಗಳನ್ನು ಎಣಿಸಿ ಅದರ ಒಂದು ಪ್ರಭೇದಕ್ಕೆ ‘ಮೈಸೊರೆನ್ಸಿಸ್’ ಎಂದು ನಮ್ಮ ಮೈಸೂರಿನ ಹೆಸರನ್ನೇ ಇಟ್ಟರು. ಈ ಸೊಳ್ಳೆ 2012ರಲ್ಲಿ ಆಫ್ರಿಕಾದ ಬಂದರು ನಗರ ಜಿಬೂಟಿಯಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಆ ವರ್ಷ ಆ ಪುಟ್ಟ ದೇಶದಲ್ಲಿ ಮಲೇರಿಯಾ ಪ್ರಕರಣಗಳು ಕೇವಲ 27. 2020ರ ಹೊತ್ತಿಗೆ 73 ಸಾವಿರಕ್ಕೂ ಹೆಚ್ಚು. ಏರಿಕೆಗೆ ಇದೊಂದೇ ಕಾರಣವೆನ್ನಲಾಗದಿದ್ದರೂ ದೊಡ್ಡ ಕಾರಣಗಳಲ್ಲಿ ಇದೂ ಒಂದು. 2016ರಲ್ಲಿ ಅದು ಇಥಿಯೋಪಿಯಾದಲ್ಲಿ ಕಾಣಿಸಿಕೊಂಡಿತು, ಆಮೇಲೆ ಶ್ರೀಲಂಕಾದ ಮನ್ನಾರ್‌ನಲ್ಲಿ ಸಿಕ್ಕಿತು, ಅನಂತರ ಸುಡಾನ್, ಸೊಮಾಲಿಯಾ, ನೈಜೀರಿಯಾ, ಕೀನ್ಯಾಗಳಿಂದಲೂ ವರದಿಯಾಯಿತು. ನಮ್ಮ ಮಹಡಿ ಟ್ಯಾಂಕಿನ ಸೊಳ್ಳೆ ಅವರಿಗೆ ಹೊಸದು, ಅವರ ಕಾಡಿನ ಸೊಳ್ಳೆ ನಮಗೆ ಮನೆಯದಾಗಿದೆ. ಆಫ್ರಿಕಾದಲ್ಲಿ ಮಲೇರಿಯಾ ಸೊಳ್ಳೆಯನ್ನು ಹೊಲಗದ್ದೆಗಳ ನೀರಿನಲ್ಲಿ ಹುಡುಕುವುದು ರೂಢಿಯಾಗಿತ್ತೇ ಹೊರತು ಸಂಪು, ಟ್ಯಾಂಕುಗಳ ಮುಚ್ಚಳ ಎತ್ತಿ ನೋಡುವ ವಾಡಿಕೆ ಹೆಚ್ಚಿರಲಿಲ್ಲ. ನೋಡದ ಜಾಗದಲ್ಲಿಯೇ ಅದು ಬೇರೂರಿತು.

ಅದಕ್ಕಾಗಿ ಒಂದು ಪ್ರಸ್ತಾಪ. ನಮ್ಮ ವಾರ್ಡಿನಲ್ಲಿ ಕೆಲವು ಮನೆಯವರು ಸೇರಿ ಮೊಟ್ಟೆಮಡಕೆಗಳನ್ನು ಇಡೋಣ. ಅರ್ಧ ಲೀಟರಿನ ಕಪ್ಪು ಬಣ್ಣದ ಡಬ್ಬಿ, ಅದರ ಮುಕ್ಕಾಲಿಗಿಂತ ಕಡಿಮೆ ನೀರು, ಒಳಗೋಡೆಗೆ ಅಂಟಿಕೊಂಡಂತೆ ಬಿಳಿ ಕೋರಾ ಬಟ್ಟೆಯ ಪಟ್ಟಿ. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಮೇಲೆ ಇಡುವುದಿಲ್ಲ, ನೀರಿನ ಅಂಚಿಗಿಂತ ತುಸು ಮೇಲೆ ಒದ್ದೆಯಿರುವ ಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಇಟ್ಟಾಗ ಬೆಳ್ಳಗಿದ್ದು ಕೆಲವೇ ಗಂಟೆಗಳಲ್ಲಿ ಕಪ್ಪಾಗುವ, ಅರ್ಧ ಮಿಲಿಮೀಟರಿನಷ್ಟು ಉದ್ದದ ಆ ಮೊಟ್ಟೆಗಳು ಬಿಳಿ ಬಟ್ಟೆಯ ಮೇಲೆ ಗಸಗಸೆ ಚೆಲ್ಲಿದಂತೆ ಕಾಣುತ್ತವೆ. ವಾರಕ್ಕೊಮ್ಮೆ, ಅದೇ ದಿನ, ಅದೇ ಜಾಗದಿಂದ ಪಟ್ಟಿ ತೆಗೆದು ಎಣಿಸಿ ಬರೆದಿಡಬೇಕು. ಏಳನೆಯ ದಿನ ತಪ್ಪಿಸಿದರೆ ಆ ಡಬ್ಬಿಯೇ ಸೊಳ್ಳೆಯ ತೊಟ್ಟಿಲಾಗುತ್ತದೆ, ಏಕೆಂದರೆ ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು.

ಯಾರು ಯಾರು ಜೊತೆಗೆ ಬರುತ್ತೀರಿ, ತಿಳಿಸಿ. ಆಕ್ಷೇಪಗಳಿದ್ದರೆ ಅವನ್ನೂ ಬರೆಯಿರಿ.

ನಿವೃತ್ತ ಆರೋಗ್ಯ ನಿರೀಕ್ಷಕ, ಹರಿಹರ | ಜೂನ್ 9

ಮೇಡಂ, ಬಹಳ ಅಗತ್ಯವಾದ ವಿಷಯವನ್ನು ಎತ್ತಿದ್ದೀರಿ. ಮೂರು ದಶಕಗಳಿಗೂ ಹೆಚ್ಚು ಕಾಲ ಟಾರ್ಚು, ಸೌಟು ಮತ್ತು ಬಿಳಿ ಎನಾಮೆಲ್ ತಟ್ಟೆ ಹಿಡಿದು ಮನೆಮನೆ ತಿರುಗಿದವನು ನಾನು. 1971ರಲ್ಲಿ ನಗರ ಮಲೇರಿಯಾ ಯೋಜನೆ ಆರಂಭವಾದದ್ದೇ ಸ್ಟೀಫೆನ್ಸಿಯ ಕಾರಣದಿಂದ. ಹಳ್ಳಿಯ ಮನೆಗಳ ಗೋಡೆಗೆ ಔಷಧಿ ಹೊಡೆಯುವ ಕ್ರಮ ನಗರದ ಬಾವಿ, ಟ್ಯಾಂಕುಗಳ ಸೊಳ್ಳೆಗೆ ತಾಗುವುದಿಲ್ಲವೆಂದು ತಿಳಿದ ಮೇಲೆ, ನೀರಿನಲ್ಲಿಯೇ ಮರಿಹುಳುಗಳನ್ನು ತಡೆಯುವ ಕೆಲಸ ನಗರಗಳಲ್ಲಿ ಬಂತು.

ಲಾರ್ವಾ, ಅಂದರೆ ಮರಿಹುಳುಗಳ, ಸಮೀಕ್ಷೆಯ ಲೆಕ್ಕವನ್ನು ಇಲ್ಲಿಯ ಓದುಗರಿಗೆ ಬಿಡಿಸಿ ಹೇಳುತ್ತೇನೆ. ನೋಡಿದ ನೂರು ಮನೆಗಳಲ್ಲಿ ಎಷ್ಟು ಮನೆಗಳಲ್ಲಿ ಲಾರ್ವಾ ಸಿಕ್ಕಿತು ಎಂಬುದು ಮನೆ ಸೂಚ್ಯಂಕ. ನೀರಿದ್ದ ನೂರು ಪಾತ್ರೆಗಳಲ್ಲಿ ಎಷ್ಟರಲ್ಲಿ ಸಿಕ್ಕಿತು ಎಂಬುದು ಪಾತ್ರೆ ಸೂಚ್ಯಂಕ. ನೂರು ಮನೆಗಳಿಗೆ ಲಾರ್ವಾ ಇರುವ ಪಾತ್ರೆಗಳು ಒಟ್ಟು ಎಷ್ಟು ಎಂಬುದು ಬ್ರೆಟೋ ಸೂಚ್ಯಂಕ. ಐವತ್ತು ಮನೆ ನೋಡಿ ಹತ್ತು ಪಾತ್ರೆಗಳಲ್ಲಿ ಲಾರ್ವಾ ಕಂಡರೆ ಬ್ರೆಟೋ ಸೂಚ್ಯಂಕ 20. ಇವು ಉಪಯುಕ್ತವಾದ ಅಂಕಿಗಳೇ, ಆದರೆ ಇವುಗಳಲ್ಲಿ ಒಂದು ಕೊರತೆಯಿದೆ. ಎರಡು ಹುಳುವಿರುವ ತೆಂಗಿನ ಕರಟಕ್ಕೂ ಸಾವಿರಾರು ಹುಳುಗಳಿರುವ ಸಂಪಿಗೂ ಈ ಲೆಕ್ಕದಲ್ಲಿ ಒಂದೇ ಬೆಲೆ. ಆದ್ದರಿಂದ ಸಾಧ್ಯವಾದ ಕಡೆಗಳಲ್ಲಿ ಪ್ಯೂಪಾಗಳನ್ನು ಎಣಿಸಿ. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ, ಏನನ್ನೂ ತಿನ್ನದೆ ನೀರಿನ ಮೇಲೆ ತೇಲುವ ಆ ಹಂತ ಎರಡೇ ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಯಾವ ಪಾತ್ರೆ ನಿಜವಾಗಿ ಊರಿಗೆ ಸೊಳ್ಳೆ ಕೊಡುತ್ತಿದೆ ಎಂಬುದನ್ನು ಅದು ಹೇಳುತ್ತದೆ.

ಬರಿಗಣ್ಣಿಗೆ ಗುರುತು ಹಿಡಿಯುವುದು ಕಷ್ಟವಲ್ಲ. ಅನಾಫಿಲಿಸ್ ಮರಿಹುಳು ನೀರಿನ ಮೇಲ್ಮೈಗೆ ಸಮಾನಾಂತರವಾಗಿ, ಕಡ್ಡಿ ತೇಲಿಬಿಟ್ಟಂತೆ ಮಲಗಿರುತ್ತದೆ, ಅದಕ್ಕೆ ಉಸಿರಾಟದ ಕೊಳವೆಯಿಲ್ಲ. ಈಡಿಸ್‌ಗೆ ಮೊಟುಕಾದ ಕೊಳವೆ, ಕ್ಯೂಲೆಕ್ಸ್ ಎಂಬ ಇನ್ನೊಂದು ಬಗೆಯ ಸೊಳ್ಳೆಗೆ ಉದ್ದನೆಯ ಸಪೂರ ಕೊಳವೆ. ಇವೆರಡೂ ತಲೆಕೆಳಗಾಗಿ ತೂಗುತ್ತವೆ. ಕ್ಯೂಲೆಕ್ಸ್ ಚರಂಡಿಯ ಕೊಳೆನೀರನ್ನು ಬಯಸುತ್ತದೆ, ಉಳಿದೆರಡು ಸಾಮಾನ್ಯವಾಗಿ ತಿಳಿನೀರಿನವು. ಚರಂಡಿ ಸ್ವಚ್ಛಮಾಡಿದರೆ ಡೆಂಗೀ ಹೋಗುತ್ತದೆಂದು ಜನ ಇಂದಿಗೂ ನಂಬಿದ್ದಾರೆ. ಚರಂಡಿ ಸ್ವಚ್ಛವಾಗಿರಬೇಕು ನಿಜ, ಆದರೆ ಡೆಂಗೀಯ ಮೂಲ ಅಡುಗೆಮನೆಯ ಹಿಂದಿನ ಡ್ರಮ್ಮಿನಲ್ಲಿ, ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ ಇರುತ್ತದೆ.

ಒಂದು ಎಚ್ಚರಿಕೆ. ಮರಿಹುಳುಗಳನ್ನು ಕೊಲ್ಲುವ ಟೆಮಿಫಾಸ್ ಎಂಬ ಔಷಧಿಯ ದ್ರಾವಣವನ್ನು ಸ್ವಂತವಾಗಿ ತಂದು ಕುಡಿಯುವ ನೀರಿಗೆ ಅಂದಾಜಿನಲ್ಲಿ ಸುರಿಯಬೇಡಿ. ಪ್ರಮಾಣವನ್ನು ತರಬೇತಿ ಪಡೆದ ಸಿಬ್ಬಂದಿಯೇ ಲೆಕ್ಕಹಾಕಿ ಹಾಕಬೇಕು.

ವಿನೋಬನಗರದ ತಾಯಿ | ಜೂನ್ 9

ನನ್ನ ಎಂಟು ವರ್ಷದ ಮಗಳು ಹೋದ ವರ್ಷ ಡೆಂಗೀಯಿಂದ ಆರು ದಿನ ಆಸ್ಪತ್ರೆಯಲ್ಲಿದ್ದಳು. ಪ್ರತಿ ಬೆಳಿಗ್ಗೆ ಪ್ಲೇಟ್‌ಲೆಟ್ ಎಣಿಕೆಯ ಚೀಟಿಗಾಗಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತ ಆ ಆರು ದಿನಗಳನ್ನು ನಾನು ಮರೆಯಲಾರೆ. ಅದಕ್ಕೂ ಒಂದು ವಾರ ಮೊದಲು ನಮ್ಮ ಮನೆಗೆ ಸಮೀಕ್ಷೆಗೆ ಬಂದವರು ಅಂಗಳದಲ್ಲಿಯೇ ನಿಂತು, ಮಹಡಿ ಹತ್ತದೆ, ಗೋಡೆಯ ಮೇಲೆ ದಿನಾಂಕ ಬರೆದು ಹೋಗಿದ್ದರು. ಅವರನ್ನು ದೂರುವ ಮನಸ್ಸಿಲ್ಲ, ಒಬ್ಬರ ತಲೆಯ ಮೇಲೆ ಅಷ್ಟೊಂದು ಮನೆಗಳ ಹೊರೆಯಿರುತ್ತದೆ. ಆಮೇಲೆ ನಾವೇ ಹತ್ತಿ ನೋಡಿದಾಗ, ಮುಚ್ಚಳ ಒಡೆದ ಸಿಂಟೆಕ್ಸ್ ಟ್ಯಾಂಕಿನಲ್ಲಿ ಹುಳುಗಳು ತುಂಬಿದ್ದವು.

ನನ್ನ ಪ್ರಶ್ನೆ ಬೇರೆ. ನೀರು ತುಂಬಿಡಬೇಡಿ ಎಂದು ಎಲ್ಲರೂ ಹೇಳುತ್ತಾರೆ. ನಲ್ಲಿಯಲ್ಲಿ ನೀರು ದಿನವೂ ಬಾರದ ಬೀದಿಯಲ್ಲಿ ನಾವು ಹೆಂಗಸರು ಡ್ರಮ್ಮು, ಕೊಡ, ಬಕೀಟುಗಳಲ್ಲಿ ತುಂಬಿಡದೆ ಏನು ಮಾಡಬೇಕು? ಮಡಕೆ ಇಡಲು ನಾನು ಸಿದ್ಧಳಿದ್ದೇನೆ, ಆದರೆ ತಪ್ಪೆಲ್ಲ ನಮ್ಮ ಮನೆಯ ಹೆಂಗಸರದೆಂದು ಯಾರೂ ತೀರ್ಪು ಕೊಡಬಾರದು.

ನಿಟುವಳ್ಳಿಯ ಪ್ರಾಣಿಶಾಸ್ತ್ರ ಉಪನ್ಯಾಸಕಿ | ಜೂನ್ 10

ಅಕ್ಕಾ, ನಿಮ್ಮ ಮಾತು ನೂರಕ್ಕೆ ನೂರು ಸರಿ. ನೀರು ಬಿಟ್ಟು ಬಿಟ್ಟು ಬರುವ ಊರಿನಲ್ಲಿ ಈಡಿಸ್ ಬೇಸಿಗೆಯಲ್ಲಿಯೂ ಬದುಕುತ್ತದೆ. ಮಳೆ ಕಡಿಮೆಯಾದಷ್ಟೂ ಡ್ರಮ್ಮುಗಳು ಹೆಚ್ಚಾಗುತ್ತವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ನಮ್ಮ ನಗರದಲ್ಲಿಯೂ ಹರಿಹರದಲ್ಲಿಯೂ ಕೈಗೊಂಡ ದಿನವಿಡೀ ನೀರು ಕೊಡುವ ಜಲಸಿರಿ ಯೋಜನೆಯನ್ನು ನಾನು ಸೊಳ್ಳೆ ನಿಯಂತ್ರಣದ ಯೋಜನೆಯೆಂದೂ ಪರಿಗಣಿಸುತ್ತೇನೆ. ಒತ್ತಡದಿಂದ ನೀರು ಸದಾ ಬರುವ ನಲ್ಲಿಗಿಂತ ದೊಡ್ಡ ಸೊಳ್ಳೆ ಔಷಧಿ ಇಲ್ಲ.

ಅಲ್ಲಿಯವರೆಗೆ ಡ್ರಮ್ಮಿನ ಬಾಯಿಗೆ ಹಳೆಯ ಹತ್ತಿ ಸೀರೆಯ ತುಂಡನ್ನು ಬಿಗಿಯಾಗಿ ಕಟ್ಟಿ. ನೀರು ಖಾಲಿಯಾದಾಗ ಒಳಗೋಡೆಯನ್ನು ತೆಂಗಿನ ನಾರಿನಿಂದ ತಿಕ್ಕಿ ತೊಳೆಯಿರಿ, ಬರೀ ನೀರು ಚೆಲ್ಲಿದರೆ ಸಾಲದು. ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತವೆ. ಹೊರಗಿನ ಸೊಳ್ಳೆಗಳು ಸಾಗರ ದಾಟಿದ ಗುಟ್ಟೂ ಇದೇ. ಹಾರಿ ಬಂದದ್ದಲ್ಲ, ಈಡಿಸ್ ಸಾಮಾನ್ಯವಾಗಿ ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರಿನಾಚೆ ಹೋಗುವುದೇ ಅಪರೂಪ. ಒಣ ಮೊಟ್ಟೆ ಸರಕಿನ ಜೊತೆಗೆ ಪ್ರಯಾಣಿಸುತ್ತದೆ.

ಪಿ.ಬಿ. ರಸ್ತೆಯ ಟೈರ್ ವ್ಯಾಪಾರಿ | ಜೂನ್ 10

ಸರಕಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಯ ಕಾಲದಿಂದಲೂ ಹಳೆಯ ಟೈರುಗಳ ವ್ಯಾಪಾರ ನಮ್ಮದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಮಹಾರಾಷ್ಟ್ರ, ತಮಿಳುನಾಡುಗಳ ಲಾರಿಗಳು ಹಗಲಿರುಳು ಓಡಾಡುತ್ತವೆ. ಟೈರುಗಳು ಎಲ್ಲಿಂದ ಬಂದವೆಂದು ನಮಗೇ ತಿಳಿದಿರುವುದಿಲ್ಲ. ಊರಿನಲ್ಲಿ ಹಿಂದೆ ಮಂಡಕ್ಕಿ ಭಟ್ಟಿಗಳಿಗೆ ಉರುವಲಾಗಿ ಹಳೆಯ ಟೈರು ಹೋಗುತ್ತಿದ್ದ ಕಾಲದಲ್ಲಿ ಭಟ್ಟಿಗಳ ಹಿಂದೆ ರಾಶಿಗಳೇ ಇರುತ್ತಿದ್ದವು. ಟೈರಿನ ಕಷ್ಟವೇನೆಂದರೆ ಅದನ್ನು ಮಲಗಿಸಿದರೂ ನಿಲ್ಲಿಸಿದರೂ ಕೆಳಗಿನ ಸುತ್ತಿನಲ್ಲಿ ನೀರು ಉಳಿಯುತ್ತದೆ. ಮಗುಚಿ ಸುರಿದರೆ ಅರ್ಧ ನೀರು ಹೊರಗೆ ಚೆಲ್ಲಿ, ಉಳಿದರ್ಧ ಒಳಗೇ ಸುತ್ತು ಹಾಕಿ ಇನ್ನೊಂದು ಬದಿಗೆ ಹೋಗಿ ನಿಲ್ಲುತ್ತದೆ. ಒಳಗೆ ಕೈ ಹಾಕಿದರೆ ಬಿಸಿಲಿಗೆ ಬೆಚ್ಚಗಾದ ನೀರು, ಕೊಳೆತ ಎಲೆ, ಲೋಳೆ.

ನಾನು ಡಬ್ಬಿ ಇಡಲು ಒಪ್ಪಬಹುದು. ಆದರೆ 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದಾಗ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ನಗರದಲ್ಲಿ ಮನೆಗೆ 400, ಅಂಗಡಿ ಮುಂತಾದ ವಾಣಿಜ್ಯ ಸ್ಥಳಗಳಿಗೆ 1,000, ಕಟ್ಟಡ ಕಾಮಗಾರಿಯ ಜಾಗಗಳಿಗೆ 2,000 ರೂಪಾಯಿ ದಂಡವೆಂದು ಗೊತ್ತುಮಾಡಿದೆ. ನಿಮ್ಮ ಪುಸ್ತಕದಲ್ಲಿ ನನ್ನ ಅಂಗಡಿಯ ಹೆಸರು ಬರೆದು, ಮೊಟ್ಟೆ ಇಷ್ಟು ಎಂದು ಸೇರಿಸಿದರೆ, ನಾನೇ ನನ್ನ ಮೇಲೆ ದೂರು ಬರೆದುಕೊಟ್ಟಂತಾಗುವುದಿಲ್ಲವೇ?

ನಿವೃತ್ತ ಆರೋಗ್ಯ ನಿರೀಕ್ಷಕ, ಹರಿಹರ | ಜೂನ್ 10

ಅಣ್ಣಾ, ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಲೋಕದಲ್ಲಿ ಹೊಸ ಸೊಳ್ಳೆಯನ್ನು ಮೊದಲು ಹುಡುಕಬೇಕಾದ ಜಾಗವೆಂದರೆ ನಿಮ್ಮ ಅಂಗಳವೇ. ಏಷ್ಯಾದ ಈಡಿಸ್ ಆಲ್ಬೊಪಿಕ್ಟಸ್, ಅಂದರೆ ಬೆನ್ನಿನ ನಡುವೆ ಒಂದೇ ಬಿಳಿ ಗೆರೆಯಿರುವ ಹುಲಿಸೊಳ್ಳೆ, 1979ರಲ್ಲಿ ಆಲ್ಬೇನಿಯಾದಲ್ಲಿ, 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ, 1990ರಲ್ಲಿ ಇಟಲಿಯ ಜಿನೋವಾದಲ್ಲಿ ಕಾಣಿಸಿಕೊಂಡಿತು. ಅದು ಖಂಡದಿಂದ ಖಂಡಕ್ಕೆ ದಾಟಿದ್ದು ಮುಖ್ಯವಾಗಿ ಹಡಗಿನಲ್ಲಿ ಬಂದ ಹಳೆಯ ಟೈರುಗಳ ಒಳಗೆ. ನಿಮ್ಮ ಜಾಗದಲ್ಲಿ ಒಂದು ಡಬ್ಬಿಯಿದ್ದರೆ ಹತ್ತು ಮನೆಗಳ ಡಬ್ಬಿಗಳಿಗೆ ಸಮ.

ಟೈರುಗಳನ್ನು ತಾಡಪಾಲಿನ ಕೆಳಗೆ, ನೀರು ಇಳಿಜಾರಾಗಿ ಹರಿದುಹೋಗುವಂತೆ ಬಿಗಿದು ಕಟ್ಟಿಡಿ. ಮರುಬಳಕೆಗೆ ಬಾರದವುಗಳಿಗೆ ತೂತು ಕೊರೆಯಿರಿ. ದಂಡದ ಭಯ ಇರುವುದು ನೀರು ನಿಲ್ಲಿಸಿದವರಿಗೆ.

ನಿಟುವಳ್ಳಿಯ ಪ್ರಾಣಿಶಾಸ್ತ್ರ ಉಪನ್ಯಾಸಕಿ | ಜೂನ್ 11

ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೂ ಈ ಆಕ್ಷೇಪವನ್ನು ಅಷ್ಟಕ್ಕೇ ಬಿಡಲಾರೆ. ದಂಡವೂ ಎಣಿಕೆಯೂ ಒಂದೇ ಪುಸ್ತಕದಲ್ಲಿ ಇರಬಾರದು. ಎಣಿಕೆಯಿಂದ ಶಿಕ್ಷೆಯಾಗುತ್ತದೆಂದು ಒಮ್ಮೆ ಜನರ ಮನಸ್ಸಿಗೆ ಬಂದರೆ, ಮಾರನೆಯ ವಾರದಿಂದ ಎಲ್ಲ ಡಬ್ಬಿಗಳಲ್ಲಿಯೂ ಸೊನ್ನೆಯೇ ಬರುತ್ತದೆ. ಆದ್ದರಿಂದ ನಮ್ಮ ದಾಖಲೆಯಲ್ಲಿ ಮನೆ ಸಂಖ್ಯೆ, ಅಂಗಡಿಯ ಹೆಸರು ಇರುವುದಿಲ್ಲ. ಬೀದಿ, ಡಬ್ಬಿಯ ಸಂಖ್ಯೆ, ನೆರಳೋ ಬಿಸಿಲೋ, ವಾರದ ದಿನಾಂಕ, ಮೊಟ್ಟೆ ಎಷ್ಟು, ಅವು ಯಾವ ಜಾತಿಯಾಗಿ ಬೆಳೆದವು, ಇಷ್ಟೇ. ವ್ಯಾಪಾರಿಗಳೇ, ಈ ಷರತ್ತಿನ ಮೇಲೆ ನೀವು ಬರಬಹುದಲ್ಲವೇ?

ಜಾತಿಯ ವಿಚಾರದಲ್ಲಿ ಒಂದು ವಿಷಯ ಹೇಳಿಬಿಡಬೇಕು. ಮೊಟ್ಟೆಯನ್ನು ನೋಡಿದ ಮಾತ್ರಕ್ಕೆ ಈಜಿಪ್ಟೈ ಯಾವುದು, ಆಲ್ಬೊಪಿಕ್ಟಸ್ ಯಾವುದು ಎಂದು ಹೇಳಲು ಬರುವುದಿಲ್ಲ. ಪಟ್ಟಿಯನ್ನು ಒಣಗಿಸಿ ನನಗೆ ತಂದುಕೊಟ್ಟರೆ ಕಾಲೇಜಿನ ಪ್ರಯೋಗಾಲಯದಲ್ಲಿ ಪರದೆ ಕಟ್ಟಿದ ಜಾಡಿಯಲ್ಲಿ ಬೆಳೆಸಿ ನೋಡುತ್ತೇನೆ. ನಾಲ್ಕನೆಯ ಹಂತದ ಮರಿಹುಳುವಿನ ಎಂಟನೆಯ ಖಂಡದ ಮೇಲೆ ಬಾಚಣಿಗೆಯ ಹಲ್ಲುಗಳಂತಹ ಸಾಲೊಂದು ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಈಜಿಪ್ಟೈಯ ಪ್ರತಿ ಹಲ್ಲಿನ ಬದಿಗಳಲ್ಲಿಯೂ ಚೂಪಾದ ಮುಳ್ಳುಗಳು ಕಾಣುತ್ತವೆ, ತ್ರಿಶೂಲದ ಹಾಗೆ. ಆಲ್ಬೊಪಿಕ್ಟಸ್‌ನದು ನೇರವಾದ ಒಂಟಿ ಮುಳ್ಳು. ಬಲಿತ ಸೊಳ್ಳೆಯಾದರೆ ಕೈಮಸೂರವೇ ಸಾಕು. ಈಜಿಪ್ಟೈಯ ಬೆನ್ನ ಮೇಲೆ ವೀಣೆಯ ಅಂಚಿನಂತೆ ಬಾಗಿದ ಎರಡು ಬಿಳಿ ಗೆರೆಗಳು, ಆಲ್ಬೊಪಿಕ್ಟಸ್‌ಗೆ ನಡುವೆ ಒಂದೇ ಗೆರೆ.

ಚನ್ನಗಿರಿಯ ಅಡಿಕೆ ಬೆಳೆಗಾರ | ಜೂನ್ 12

ನಮ್ಮ ತಾಲ್ಲೂಕು ಇದೇ ಜಿಲ್ಲೆಯದಾದ್ದರಿಂದ ಕೇಳುತ್ತಿದ್ದೇನೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಗಳು ದೋಣಿಯಂತೆ ನೀರು ಹಿಡಿದುಕೊಳ್ಳುತ್ತವೆ, ಅವುಗಳಲ್ಲಿ ಹುಳುಗಳಿರುವುದನ್ನು ನೋಡಿದ್ದೇನೆ. ಹಗಲು ತೋಟಕ್ಕೆ ಇಳಿದರೆ ಮೊಣಕಾಲಿನ ಕೆಳಗೆ ಕಚ್ಚುವ ಸೊಳ್ಳೆ ಇದೇ ಇರಬಹುದೇ? ಯಾವುದಾದರೂ ಸೊಳ್ಳೆಯೇ ಅಲ್ಲವೇ, ಜಾತಿ ತಿಳಿದು ಏನು ಪ್ರಯೋಜನ?

ನಿಟುವಳ್ಳಿಯ ಪ್ರಾಣಿಶಾಸ್ತ್ರ ಉಪನ್ಯಾಸಕಿ | ಜೂನ್ 12

ತೋಟದ ಹಾಳೆ, ಮರದ ಪೊಟರೆ, ಬಿದಿರಿನ ಬೊಂಬು ಇವು ಆಲ್ಬೊಪಿಕ್ಟಸ್‌ನ ಮೆಚ್ಚಿನ ಜಾಗಗಳು. ಕೇರಳದ ರಬ್ಬರ್ ತೋಟಗಳ ಅನುಭವವೇ ನಿಮ್ಮ ಪ್ರಶ್ನೆಗೆ ಉತ್ತರ. ಚಿಕುನ್‌ಗುನ್ಯಾ ವೈರಸ್ಸಿನಲ್ಲಿ ಆದ ಒಂದು ಸಣ್ಣ ಬದಲಾವಣೆಯಿಂದಾಗಿ ಅದು ಆಲ್ಬೊಪಿಕ್ಟಸ್‌ನ ಮೈಯಲ್ಲಿ ಮೊದಲಿಗಿಂತ ಬಹಳ ಸುಲಭವಾಗಿ ಬೆಳೆಯತೊಡಗಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005–06ರಲ್ಲಿ ಕಂಡ ಆ ಬದಲಾವಣೆ 2007ರಲ್ಲಿ ಕೇರಳದಲ್ಲಿಯೂ ಕಂಡಿತು. ಡ್ರಮ್ಮಿನ ಸೊಳ್ಳೆಯನ್ನೇ ಗಮನಿಸುತ್ತಿದ್ದವರಿಗೆ ತೋಟದಿಂದ ರೋಗ ಬಂತು. ಮನೆಯೊಳಗೆ ಕುಳಿತುಕೊಳ್ಳುವ ಸೊಳ್ಳೆಗೆ ಮನೆಯೊಳಗೆ ಕೆಲಸ ಮಾಡಬೇಕು, ತೋಟದ್ದಕ್ಕೆ ತೋಟದಲ್ಲಿ. ಯಾವುದೆಂದು ತಿಳಿಯದೆ ಔಷಧಿ ಹೊಡೆದರೆ ದುಡ್ಡೂ ಹೋಗುತ್ತದೆ, ಕಾಲವೂ ಹೋಗುತ್ತದೆ. ಹಾಳೆಗಳನ್ನು ವಾರಕ್ಕೊಮ್ಮೆ ಕವುಚಿ ಹಾಕಿಸಿ, ಸಾಧ್ಯವಾದರೆ ತಟ್ಟೆ ಮಾಡುವವರಿಗೆ ಕೊಟ್ಟುಬಿಡಿ. ಒಂದೆರಡು ಹಾಳೆಗಳ ನೀರನ್ನು ಬಾಟಲಿಯಲ್ಲಿ ತುಂಬಿ ಕಳಿಸಿಕೊಡಿ.

ಕುಂದವಾಡ ಕೆರೆಯ ಹಕ್ಕಿ ವೀಕ್ಷಕ | ಜೂನ್ 13

ಕೆರೆಗೆ ಲಾರ್ವಾಹಾರಿ ಮೀನು ಬಿಡಬೇಕೆಂದು ಪ್ರತಿವರ್ಷ ಯಾರಾದರೂ ಹೇಳುತ್ತಾರೆ. ಹೊರಗಿನ ಜಾತಿಗಳ ಚರ್ಚೆ ನಡೆಯುತ್ತಿರುವಾಗ ಇದನ್ನೂ ನೆನಪಿಸಬೇಕು: ಗಪ್ಪಿ ಮೀನು ನಮ್ಮ ದೇಶಕ್ಕೆ ಬಂದದ್ದು 1910ರ ಸುಮಾರಿಗೆ, ಗ್ಯಾಂಬೂಸಿಯಾ 1928ರಲ್ಲಿ ಇಟಲಿಯಿಂದ. ಸೊಳ್ಳೆಯನ್ನು ತಿನ್ನಲೆಂದು ತಂದ ಗ್ಯಾಂಬೂಸಿಯಾ ಇಂದು ಲೋಕದ ಕೆಟ್ಟ ಆಕ್ರಮಣಕಾರಿ ಮೀನುಗಳಲ್ಲೊಂದು. ಅದು ನಮ್ಮ ಸಣ್ಣ ಮೀನುಗಳ ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಕುಂದವಾಡ ಕೆರೆಯಾಗಲಿ ಟಿ.ವಿ. ಸ್ಟೇಷನ್ ಕೆರೆಯಾಗಲಿ ಊರಿಗೆ ನೀರು ಒದಗಿಸುವ ದೊಡ್ಡ ಜಲಾಶಯಗಳು. ಅಲೆಯೇಳುವ ತೆರೆದ ನೀರಿನಲ್ಲಿ ಡೆಂಗೀ ಸೊಳ್ಳೆ ಹುಟ್ಟುವುದೇ ಇಲ್ಲ. ಬಳಸದ ಬಾವಿ, ಮುಚ್ಚಿದ ತೊಟ್ಟಿಗಳಿಗೆ ಮೀನು ಸರಿ, ಕೆರೆಗೆ ದಯವಿಟ್ಟು ಬೇಡ.

ನಿವೃತ್ತ ಆರೋಗ್ಯ ನಿರೀಕ್ಷಕ, ಹರಿಹರ | ಜೂನ್ 13

ಇದನ್ನು ಒಪ್ಪುತ್ತೇನೆ. ನಾವೂ ಒಂದು ಕಾಲದಲ್ಲಿ ಕೈಗೆ ಸಿಕ್ಕ ನೀರಿಗೆಲ್ಲ ಗ್ಯಾಂಬೂಸಿಯಾ ಬಿಟ್ಟವರೇ. ಇಂದಾಗಿದ್ದರೆ ನಾನು ಬಿಡುತ್ತಿರಲಿಲ್ಲ.

ದುರ್ಗದ ಶಾಲಾ ಶಿಕ್ಷಕ | ಜೂನ್ 13

ನಾನು ಚಿತ್ರದುರ್ಗದವನು, ಮಧ್ಯೆ ಮಾತನಾಡುವುದಕ್ಕೆ ಕ್ಷಮೆಯಿರಲಿ. ನಮ್ಮ ಊರು ಬಂಡೆಗಳ ಊರು. ಮೊದಲ ಮಳೆ ಬಿದ್ದ ಮೇಲೆ ಬಂಡೆಗಳ ಮೇಲಿನ ಕುಳಿಗಳಲ್ಲಿ, ಒಂದು ಬೊಗಸೆಯಿಂದ ಒಂದು ಕೊಡದವರೆಗೆ, ನೀರು ನಿಲ್ಲುತ್ತದೆ. ಇಂದು ಬೆಳಿಗ್ಗೆ ನಮ್ಮ ಶಾಲೆಯ ಹಿಂದಿನ ಬಂಡೆಯ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳೊಡನೆ ಹೋಗಿ ನೋಡಿದೆ. ಅಂಗೈ ಅಗಲದ ಕುಳಿಯೊಂದರಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು, ಬಿಸಿಲಿಗೆ ಬೆರಳಿಟ್ಟರೆ ಬಿಸಿ ತಾಗುತ್ತಿತ್ತು, ಆದರೂ ಅದರಲ್ಲಿ ಹುಳುಗಳು ಓಡಾಡುತ್ತಿದ್ದವು. ಮನೆಗಳಿಂದ ಇಷ್ಟು ದೂರದ ಕಲ್ಲಿನಲ್ಲಿ ಡೆಂಗೀ ಸೊಳ್ಳೆ ಇರಲು ಸಾಧ್ಯವೇ? ಮೂರು ಕುಳಿಗಳ ನೀರನ್ನು ಬಾಟಲಿಗಳಲ್ಲಿ ತುಂಬಿ, ಬಾಯಿಗೆ ಪರದೆ ಕಟ್ಟಿ ಪ್ರಯೋಗಾಲಯದ ಕಿಟಕಿಯಲ್ಲಿ ಇಟ್ಟಿದ್ದೇವೆ.

ನಿಟುವಳ್ಳಿಯ ಪ್ರಾಣಿಶಾಸ್ತ್ರ ಉಪನ್ಯಾಸಕಿ | ಜೂನ್ 14

ಮೇಷ್ಟ್ರೇ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಬಂಡೆಕುಳಿಯನ್ನೇ ಮೆಚ್ಚುವ ಈಡಿಸ್ ಒಂದಿದೆ, ವಿಟ್ಟೇಟಸ್ ಎಂದು ಅದರ ಹೆಸರು. ಅದು ನಮ್ಮ ನಾಡಿನಲ್ಲಿ ಮೊದಲಿನಿಂದಲೂ ಇರುವ ಸೊಳ್ಳೆ; ಬೆನ್ನ ಮೇಲೆ ಮೂರು ಜೊತೆ ಸಣ್ಣ ಬಿಳಿ ಚುಕ್ಕೆಗಳಿರುತ್ತವೆ. ಅದೇ ಸೊಳ್ಳೆ 2019ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಸಿಕ್ಕಿ, ಅಮೆರಿಕ ಖಂಡಗಳಿಗೆ ಹೊಸ ಆಕ್ರಮಣಕಾರಿಯೆಂದು ಅಲ್ಲಿಯ ವಿಜ್ಞಾನಿಗಳ ನಿದ್ದೆ ಕೆಡಿಸಿದೆ. ಕ್ಯೂಬಾದಲ್ಲಿಯೂ ಕಂಡಿದೆ. ಡೆಂಗೀ, ಚಿಕುನ್‌ಗುನ್ಯಾ, ಝೀಕಾ ವೈರಸ್ಸುಗಳನ್ನು ಹೊರಬಲ್ಲ ಸಾಮರ್ಥ್ಯ ಅದಕ್ಕಿದೆಯೆಂದು ಪ್ರಯೋಗಗಳು ತೋರಿಸಿವೆ. ನಿಮ್ಮ ಬಾಟಲಿಯಲ್ಲಿರುವುದು ಈಜಿಪ್ಟೈಯೂ ಆಗಿರಬಹುದು, ವಿಟ್ಟೇಟಸ್ಸೂ ಆಗಿರಬಹುದು, ಎರಡೂ ಬೆರೆತಿರಬಹುದು. ಸೊಳ್ಳೆಯಾಗಿ ಹೊರಬರುವವರೆಗೂ ಕಾಯಿರಿ. ಹುಳುಗಳಿಗೆ ಚಿಟಿಕೆಯಷ್ಟು ಪುಡಿಮಾಡಿದ ಬಿಸ್ಕತ್ತು ಹಾಕಿ, ಹೆಚ್ಚಾದರೆ ನೀರು ಕೆಡುತ್ತದೆ. ಒಂದು ಸೊಳ್ಳೆಯೂ ಹೊರಗೆ ಹೋಗದಂತೆ ಪರದೆಯನ್ನು ದಿನವೂ ನೋಡಿಕೊಳ್ಳಿ. ಕೆಲಸ ಮುಗಿದ ನೀರಿಗೆ ಕುದಿಯುವ ನೀರು ಸುರಿದು ಚೆಲ್ಲಿ.

ಮಕ್ಕಳು ಸೇರಿಕೊಂಡದ್ದು ನನಗೆ ಬಹಳ ಸಂತೋಷ ತಂದಿದೆ. ಸ್ಪೇನ್ ದೇಶದಲ್ಲಿ ಜನಸಾಮಾನ್ಯರು ಮೊಬೈಲಿನಲ್ಲಿ ಸೊಳ್ಳೆಯ ಚಿತ್ರ ತೆಗೆದು ಕಳಿಸುವ ‘ಮಾಸ್ಕಿಟೊ ಅಲರ್ಟ್’ ಎಂಬ ವ್ಯವಸ್ಥೆಯಿದೆ. 2018ರಲ್ಲಿ ಅಸ್ತೂರಿಯಾಸ್ ಪ್ರಾಂತ್ಯದ ಒಬ್ಬ ನಾಗರಿಕರು ಕಳಿಸಿದ ಚಿತ್ರದಿಂದಲೇ ಈಡಿಸ್ ಜಪಾನಿಕಸ್ ಆ ದೇಶಕ್ಕೆ ಬಂದಿರುವುದು ಗೊತ್ತಾಯಿತು.

ಪಿ.ಬಿ. ರಸ್ತೆಯ ಟೈರ್ ವ್ಯಾಪಾರಿ | ಜೂನ್ 20

ಹೆಸರು ಬರೆಯುವುದಿಲ್ಲವೆಂಬ ಮಾತಿನ ಮೇಲೆ ಎರಡು ಡಬ್ಬಿ ಇಟ್ಟಿದ್ದೆ. ಇಂದು ಏಳನೆಯ ದಿನ. ತಾಡಪಾಲಿನ ಕೆಳಗಿನ ಡಬ್ಬಿಯ ಬಟ್ಟೆ ಬೆಳ್ಳಗೇ ಇದೆ. ಹಿಂದಿನ ಗೋಡೆಯ ಪಕ್ಕದ ಡಬ್ಬಿಯಲ್ಲಿ ನನ್ನ ಮಗ ಎಣಿಸಿ 43 ಎಂದು ಬರೆದಿದ್ದಾನೆ. ಗೋಡೆಯಾಚೆ ಖಾಲಿ ನಿವೇಶನದಲ್ಲಿ ಎಳನೀರು ಬುರುಡೆಗಳು ಬಿದ್ದಿವೆ, ಅವು ನನ್ನವಲ್ಲ. ಪಟ್ಟಿಗಳನ್ನು ಯಾವಾಗ ತರಲಿ?

ನಿಟುವಳ್ಳಿಯ ಪ್ರಾಣಿಶಾಸ್ತ್ರ ಉಪನ್ಯಾಸಕಿ | ಜೂನ್ 20

ಸೊನ್ನೆ ಬಂದ ಪಟ್ಟಿಯನ್ನೂ ತನ್ನಿ. ಅದನ್ನೂ ಬರೆದಿಡಬೇಕು, ಸೊನ್ನೆ ಬಂದ ವಾರಗಳು ದಾಖಲೆಯಲ್ಲಿ ಇಲ್ಲದಿದ್ದರೆ ಮೊದಲ ಸಲ ಸೊಳ್ಳೆ ಬಂದ ವಾರ ಯಾವುದೆಂದು ಹೇಳಲಾಗದು. ಪಟ್ಟಿಯನ್ನು ನೆರಳಿನಲ್ಲಿ ಒಣಗಿಸಿ, ಕಾಗದದಲ್ಲಿ ಸುತ್ತಿ, ಸೋಮವಾರ ಮಧ್ಯಾಹ್ನದ ಮೇಲೆ ಬನ್ನಿ. ಮಗನನ್ನೂ ಕರೆತನ್ನಿ, ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆ. ಬುರುಡೆಗಳ ವಿಚಾರವನ್ನು ಪಾಲಿಕೆಗೆ ನಾವೆಲ್ಲರೂ ಸೇರಿ ಬರೆಯೋಣ. ಅದು ಒಬ್ಬರ ಹೊಣೆಯಲ್ಲ.

ವಿನೋಬನಗರದ ತಾಯಿ | ಜೂನ್ 21

ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಒಪ್ಪಿದ್ದಾರೆ. ಪ್ರತಿ ಶುಕ್ರವಾರ ಪೂಜೆಗೆ ಮೊದಲು ಮನೆ ತೊಳೆಯುವ ಹೊತ್ತಿಗೇ ಡಬ್ಬಿಯನ್ನೂ ನೋಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ, ಆ ದಿನವಾದರೆ ಯಾರಿಗೂ ಮರೆಯುವುದಿಲ್ಲ. ನನ್ನ ಮಗಳು ಡಬ್ಬಿಗಳಿಗೆ ಸಂಖ್ಯೆ ಬರೆದಿದ್ದಾಳೆ.

ದುರ್ಗದ ಶಾಲಾ ಶಿಕ್ಷಕ | ಜೂನ್ 23

ಮೇಡಂ, ಮೊದಲೆರಡು ಬಾಟಲಿಗಳ ಹುಳುಗಳು ಸತ್ತುಹೋದವು, ಬಹುಶಃ ಬಿಸ್ಕತ್ತು ಹೆಚ್ಚಾಯಿತು. ಮೂರನೆಯದರಿಂದ ನಿನ್ನೆ ಬೆಳಿಗ್ಗೆ ಮೂರು ಸೊಳ್ಳೆಗಳು ಹೊರಬಂದು ಪರದೆಯ ಒಳಮೈಗೆ ಅಂಟಿ ಕುಳಿತಿದ್ದವು. ಕಾಲುಗಳಲ್ಲಿ ಬಿಳಿ ಪಟ್ಟೆಗಳಿವೆ. ಮಸೂರ ಹಿಡಿದು ಮಕ್ಕಳು ಒಬ್ಬೊಬ್ಬರಾಗಿ ನೋಡಿದರು. ವೀಣೆಯಂತಹ ಗೆರೆ ಯಾರಿಗೂ ಕಾಣಲಿಲ್ಲ. ಬೆನ್ನ ಮೇಲೆ ಬಿಳಿ ಚುಕ್ಕೆಗಳಿವೆ. ನಾನು ಆರು ಎಣಿಸಿದೆ, ಒಬ್ಬ ಹುಡುಗಿ ನಾಲ್ಕು ಎನ್ನುತ್ತಾಳೆ. ಇವುಗಳನ್ನು ನಿಮಗೆ ತಲುಪಿಸುವುದು ಹೇಗೆ? ಸ್ಪಿರಿಟ್ಟಿನಲ್ಲಿ ಹಾಕಲೇ?

ನಿಟುವಳ್ಳಿಯ ಪ್ರಾಣಿಶಾಸ್ತ್ರ ಉಪನ್ಯಾಸಕಿ | ಜೂನ್ 23

ಸ್ಪಿರಿಟ್ಟಿನಲ್ಲಿ ಹಾಕಬೇಡಿ, ಬೆನ್ನಿನ ಹುರುಪೆಗಳು ಉದುರಿ ಚುಕ್ಕೆಗಳೇ ಅಳಿಸಿಹೋಗುತ್ತವೆ. ಬಾಟಲಿಯನ್ನು ಹಾಗೆಯೇ ಫ್ರೀಜರಿನಲ್ಲಿ ಅರ್ಧ ಗಂಟೆಯಿಟ್ಟರೆ ಸೊಳ್ಳೆಗಳು ಸಾಯುತ್ತವೆ. ಬೆಂಕಿಪೊಟ್ಟಣದಲ್ಲಿ ತೆಳುವಾದ ಹತ್ತಿ ಹಾಸಿ, ಅದರ ಮೇಲೆ ಟಿಶ್ಯೂ ಕಾಗದ ಹರಡಿ, ಸೊಳ್ಳೆಗಳನ್ನು ಅದರ ಮೇಲಿಡಿ. ನೇರವಾಗಿ ಹತ್ತಿಯ ಮೇಲಿಟ್ಟರೆ ಕಾಲುಗಳು ಸಿಕ್ಕಿ ಮುರಿಯುತ್ತವೆ. ಎಲ್ಲಿ, ಯಾವ ನೀರು, ಯಾವ ದಿನ, ಯಾರು ಎಂಬ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಒಳಗೇ ಇಡಿ, ಶಾಯಿಯಾದರೆ ತೇವಕ್ಕೆ ಹರಡುತ್ತದೆ. ನಾಲ್ಕು ಎಂದ ಹುಡುಗಿಯ ಮಾತನ್ನೂ ಚೀಟಿಯಲ್ಲಿ ಸೇರಿಸಿ. ಒಂದರ ಹುರುಪೆ ಮೊದಲೇ ಉದುರಿರಬಹುದು.

ದುರ್ಗದ ಶಾಲಾ ಶಿಕ್ಷಕ | ಜೂನ್ 24

ಹಾಗೆಯೇ ಮಾಡಿದೆವು. ಚೀಟಿಯಲ್ಲಿ ಹೀಗೆ ಬರೆದಿದ್ದೇವೆ: ಚಿತ್ರದುರ್ಗ, ಶಾಲೆಯ ಹಿಂದಿನ ಬಂಡೆಕುಳಿ, ಮೂರನೆಯ ಬಾಟಲಿ, ನೀರು ತುಂಬಿದ್ದು ಜೂನ್ 13, ಹೊರಬಂದದ್ದು ಜೂನ್ 22, ಚುಕ್ಕೆ ಆರು ಅಥವಾ ನಾಲ್ಕು, ಒಂಬತ್ತನೆಯ ತರಗತಿ. ಪೆನ್ಸಿಲಿನಲ್ಲಿಯೇ ಬರೆದಿದ್ದೇವೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನೇ ತರುತ್ತೇನೆ, ಆ ಹುಡುಗಿಯೂ ತನ್ನ ತಂದೆಯ ಜೊತೆ ಬರುತ್ತಾಳಂತೆ.